ಜೋಳದ ಹೊಲದ ಇಲಿ, ಗುಮ್ಮಟದ ಬಾವಲಿ: ಸಸ್ತನಿ ಸಂಗ್ರಹದಲ್ಲಿ ನನ್ನ ಕೆಲಸ

ನಾನು ನೋಡಿಕೊಳ್ಳುವ ಬೀರುಗಳಲ್ಲಿ ಹುಲಿ, ಚಿರತೆ ಕಡಿಮೆ. ಇಲಿ, ಸುಂಡಿಲಿ, ಬಾವಲಿಗಳೇ ತುಂಬಿಕೊಂಡಿವೆ. ಭಾರತದಲ್ಲಿರುವ ಸುಮಾರು 430 ಪ್ರಭೇದದ ಸಸ್ತನಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಇರುವುದೇ ಬಾವಲಿ ಮತ್ತು ದಂಶಕಗಳು, ಅಂದರೆ ಇಲಿ, ಅಳಿಲಿನಂಥ ಕಡಿಯುವ ಪ್ರಾಣಿಗಳು. ಜನ ಟಿಕೆಟ್ ತೆಗೆದುಕೊಂಡು ನೋಡುವುದು ಮ್ಯೂಸಿಯಮ್ಮಿನ ಮುಂದಿನ ಹಜಾರವನ್ನು. ನನ್ನ ಕೆಲಸವೆಲ್ಲ ಹಿಂದಿನ ಕೋಣೆಗಳಲ್ಲಿ. ಅಲ್ಲಿ ಖಾನೆ ಎಳೆದರೆ ಒಂದೇ ಪ್ರಭೇದದ ಹತ್ತಾರು ಇಲಿಗಳ ಚರ್ಮ ಸಾಲಾಗಿ ಮಲಗಿರುತ್ತವೆ, ಪ್ರತಿಯೊಂದರ ಕಾಲಿಗೂ ಒಂದು ಚೀಟಿ ಕಟ್ಟಿರುತ್ತದೆ. ಪಕ್ಕದ ಪುಟ್ಟ ಡಬ್ಬಿಯಲ್ಲಿ ಅದೇ ಸಂಖ್ಯೆಯ ತಲೆಬುರುಡೆ. ಇಲಿಯ ಚರ್ಮ ಕಾಯುವುದಕ್ಕೂ ಸಂಬಳ ಕೊಡುತ್ತಾರಾ ಎಂದು ಊರಿನ ಹಿರಿಯರು ಕೇಳುತ್ತಾರೆ. ಕೊಡುತ್ತಾರೆ, ಕೊಡಲೇಬೇಕು ಅನ್ನುವುದು ನನ್ನ ನಂಬಿಕೆ. ಅದು ಯಾಕೆ ಎಂದು ಹೇಳಬೇಕಾದರೆ ನಮ್ಮೂರಿನ ವಿಷಯ ಹೇಳಬೇಕು.

ನಮ್ಮ ಹಳೆಯ ಊರು ಬೀಳಗಿ ತಾಲೂಕಿನಲ್ಲಿ ಕೃಷ್ಣೆಯ ದಂಡೆಗಿತ್ತು. ಆಲಮಟ್ಟಿಯ ಹಿನ್ನೀರಿನಲ್ಲಿ ಮುಳುಗಿತು. ಮುಳುಗುವ ಮೊದಲು ಅಧಿಕಾರಿಗಳು ಬಂದು ಮನೆ, ಬಾವಿ, ಹುಣಸೆ ಮರ, ಬೇವಿನ ಮರ ಎಲ್ಲವನ್ನೂ ಎಣಿಸಿ ಬರೆದುಕೊಂಡರು. ಪರಿಹಾರ ಕೊಡಬೇಕಲ್ಲ. ದಂಡೆಯ ಎರೆ ಮಣ್ಣಿನ ಬಿರುಕುಗಳಲ್ಲಿ ಯಾವ ಯಾವ ಇಲಿ ಇದ್ದವು, ಗುಡಿಯ ಒಳಗಿನ ಕತ್ತಲಲ್ಲಿ ನೇತಾಡುತ್ತಿದ್ದ ತೊಗಲಬಾವಲಿ ಯಾವುದು ಎಂದು ಬರೆದುಕೊಂಡವರು ಯಾರೂ ಇಲ್ಲ. ಮುಂದೆ ಸಂಶೋಧನೆಗೆ ಸೇರಿದ ಮೇಲೆ ನಾನು ಕೈಗೆ ಸಿಕ್ಕ ಸಂಗ್ರಹಗಳ ನೋಂದಣಿ ಪುಸ್ತಕಗಳನ್ನೆಲ್ಲ ತಿರುವಿದೆ. ನಮ್ಮೂರ ಹೆಸರು ಎಲ್ಲೂ ಕಾಣಲಿಲ್ಲ. ಆ ದಂಡೆಯ ಮೇಲೆ ಬದುಕಿದ್ದ ಸಣ್ಣ ಪ್ರಾಣಿಗಳ ಬಗ್ಗೆ ಈಗ ಯಾರಾದರೂ ಕೇಳಿದರೆ ನನ್ನ ಹತ್ತಿರ ಉತ್ತರವಿಲ್ಲ, ಇನ್ನು ಯಾರ ಹತ್ತಿರವೂ ಇರಲಾರದು. ಈ ಕೆಲಸಕ್ಕೆ ನಾನು ಅಂಟಿಕೊಂಡದ್ದು ಇದೊಂದೇ ಕಾರಣಕ್ಕೆ.

ಓದಿನ ದಾರಿ ನೇರವಾಗಿತ್ತು. ವಿಜಯಪುರದಲ್ಲಿ ಪ್ರಾಣಿಶಾಸ್ತ್ರ ಇಟ್ಟುಕೊಂಡು ಬಿ.ಎಸ್ಸಿ., ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಎಂ.ಎಸ್ಸಿ., ನೆಟ್ ಪರೀಕ್ಷೆ, ಫೆಲೋಶಿಪ್, ಪಿಎಚ್.ಡಿ. ನಡುವೆ ಒಂದೆರಡು ಪ್ರಾಜೆಕ್ಟುಗಳಲ್ಲಿ ಸಹಾಯಕಳಾಗಿ ದುಡಿದೆ. ವರ್ಗೀಕರಣ ಶಾಸ್ತ್ರ ಓದಿದವರಿಗೆ ಹುದ್ದೆಗಳು ಕಡಿಮೆ, ಅದನ್ನು ಮುಚ್ಚಿಡುವುದಿಲ್ಲ. ಒಂದು ಸಂದರ್ಶನದಲ್ಲಿ ಇಲಿಯ ಹಲ್ಲು ಎಣಿಸಿ ದೇಶಕ್ಕೆ ಏನು ಸಿಗುತ್ತದೆ ಎಂದು ಕೇಳಿದರು. ಆಗ ನಾನು ಹೇಳಿದ್ದು 1993ರ ಅಮೆರಿಕದ ಸಂಗತಿ. ಅಲ್ಲಿನ ನೈಋತ್ಯ ರಾಜ್ಯಗಳಲ್ಲಿ ಗಟ್ಟಿಮುಟ್ಟಾದ ತರುಣರು ಇದ್ದಕ್ಕಿದ್ದಂತೆ ಉಸಿರುಕಟ್ಟಿ ಸಾಯತೊಡಗಿದಾಗ ಕಾರಣ ಹಂಟಾ ವೈರಸ್, ಅದನ್ನು ಹೊತ್ತಿದ್ದು ಒಂದು ಬಗೆಯ ಕಾಡು ಇಲಿ ಎಂದು ಗೊತ್ತಾಯಿತು. ವೈರಸ್ ಹೊಸದಾಗಿ ಬಂದದ್ದೋ, ಮೊದಲಿಂದ ಇದ್ದದ್ದೋ ಎಂಬ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಮ್ಯೂಸಿಯಮ್ಮುಗಳು ವರ್ಷಗಳ ಹಿಂದೆಯೇ ಹಿಡಿದು ತಣ್ಣನೆಯ ಪೆಟ್ಟಿಗೆಯಲ್ಲಿ ಕಾಯ್ದಿಟ್ಟಿದ್ದ ಇಲಿಗಳ ಅಂಗಾಂಶದಿಂದ. ಮೊದಲಿಂದಲೂ ಇತ್ತು. ಆ ಇಲಿಗಳನ್ನು ಹಿಡಿದವರಿಗೆ ಹಂಟಾ ರೋಗ ಬರುವುದು ಗೊತ್ತಿರಲಿಲ್ಲ. ಯಾವ ಪ್ರಶ್ನೆಗೆ ಉತ್ತರ ಬೇಕಾಗುತ್ತದೆಂದು ತಿಳಿಯದೆಯೇ ಕೂಡಿಡುವುದು ಈ ವೃತ್ತಿ. ನಮ್ಮ ರಾಜ್ಯದಲ್ಲೇ 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರಿನಲ್ಲಿ ಮಂಗನ ಕಾಯಿಲೆ ಕಾಣಿಸಿಕೊಂಡಾಗ ಕಾಡಿನ ಇಲಿ, ಸುಂಡಿಲಿಗಳನ್ನು ಹಿಡಿದು ಗುರುತಿಸುವ ಕೆಲಸ ದೊಡ್ಡದಾಗಿಯೇ ನಡೆಯಬೇಕಾಯಿತು.

ಇನ್ನು ಕೈಕೆಲಸ. ಒಂದು ಇಲಿಯನ್ನು ಸಂಗ್ರಹಕ್ಕೆ ಸಿದ್ಧಪಡಿಸುವ ಬಗೆಯನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಓದುವ ಹುಡುಗ ಹುಡುಗಿಯರಿಗೆ ಕಾಲೇಜಿನಲ್ಲಿ ಇದನ್ನು ಹೇಳಿಕೊಡುವುದು ಅಪರೂಪ. ನನ್ನ ಮುಂದಿರುವುದು ಗರ್ಬಿಲ್ ಎನ್ನೋಣ. ಬಯಲಿನ ಇಲಿ, ಹಿಂಗಾಲು ಉದ್ದ, ಬಾಲದ ತುದಿಗೆ ಕಪ್ಪು ಕುಚ್ಚು. ಮೊದಲು ಅಳತೆ: ತಲೆ ಮತ್ತು ಮೈ, ಬಾಲ, ಹಿಂಗಾಲ ಪಾದ, ಕಿವಿ, ಇವೆಲ್ಲ ಮಿಲಿಮೀಟರಿನಲ್ಲಿ, ತೂಕ ಗ್ರಾಮಿನಲ್ಲಿ. ಚರ್ಮ ಸುಲಿದು ಒಣಗಿದ ಮೇಲೆ ಈ ಅಳತೆಗಳು ಮತ್ತೆ ಸಿಗುವುದಿಲ್ಲ. ಆಮೇಲೆ ಹೊಟ್ಟೆಯ ಮೇಲೆ ಚರ್ಮವನ್ನಷ್ಟೇ ಸೀಳಬೇಕು, ಒಳಗಿನ ಪದರಕ್ಕೆ ಬ್ಲೇಡು ತಾಗಬಾರದು. ತಾಗಿದರೆ ಒಳಗಿನದೆಲ್ಲ ಹೊರಬಂದು ಕೂದಲು ಕೊಳೆಯಾಗುತ್ತದೆ. ಒದ್ದೆಯಾದಲ್ಲೆಲ್ಲ ಮೆಕ್ಕೆಜೋಳದ ಹಿಟ್ಟು ಉದುರಿಸುತ್ತೇನೆ, ಹಿಡಿತವೂ ಸಿಗುತ್ತದೆ, ನೀರೂ ಹೀರುತ್ತದೆ. ಅಂಗಿ ತೆಗೆದಂತೆ ಚರ್ಮವನ್ನು ತಲೆಯ ಕಡೆಗೆ ಮಗುಚಿಕೊಂಡು ಹೋಗಬೇಕು. ಬಾಲದ ಮೂಳೆಯನ್ನು ಒಂದೇ ಎಳೆತಕ್ಕೆ ಚರ್ಮದೊಳಗಿಂದ ಜಾರಿಸಬೇಕು. ಕಣ್ಣಿನ ಸುತ್ತ ಮತ್ತು ತುಟಿಯ ಹತ್ತಿರ ಬಂದಾಗ ಉಸಿರು ಬಿಗಿಹಿಡಿದು ಕೆಲಸ ಮಾಡುವಷ್ಟು ನಿಧಾನ ಬೇಕು. ಒಳಗೆ ಹತ್ತಿ ತುಂಬಿ, ಬಾಲಕ್ಕೆ ಹತ್ತಿ ಸುತ್ತಿದ ತಂತಿ ಹಾಕಿ, ಹೊಟ್ಟೆ ಹೊಲಿದು, ಮುಂಗಾಲು ಮುಂದಕ್ಕೆ ಚಾಚಿ ಹಲಗೆಗೆ ಗುಂಡುಸೂಜಿಯಿಂದ ಕಟ್ಟಿ ಒಣಗಲು ಬಿಡುತ್ತೇವೆ. ತಲೆಬುರುಡೆಗೆ ಅದೇ ಸಂಖ್ಯೆಯ ಚೀಟಿ ಕಟ್ಟಿ ಡರ್ಮೆಸ್ಟಿಡ್ ಹುಳಗಳಿರುವ ಪೆಟ್ಟಿಗೆಗೆ ಹಾಕಿದರೆ ಮಾಂಸವನ್ನೆಲ್ಲ ಅವೇ ತಿಂದು ಮೂಳೆಯನ್ನು ಚೊಕ್ಕಟ ಮಾಡುತ್ತವೆ. ಇದೇ ಹುಳ ಚರ್ಮದ ಬೀರುವಿಗೆ ನುಗ್ಗಿದರೆ ಸಂಗ್ರಹವೇ ಹಾಳು. ಆದ್ದರಿಂದ ಅವುಗಳ ಕೋಣೆ ದೂರದಲ್ಲಿರುತ್ತದೆ, ಹೊಸದಾಗಿ ಬಂದ ಪ್ರತಿ ಚರ್ಮವೂ ಬೀರು ಸೇರುವ ಮೊದಲು ಮೈನಸ್ 20 ಡಿಗ್ರಿಯ ಪೆಟ್ಟಿಗೆಯಲ್ಲಿ ಕೆಲವು ದಿನ ಕಳೆಯಬೇಕು. ಪಿತ್ತಜನಕಾಂಗದ ಒಂದು ಚೂರು ಡಿಎನ್‌ಎ ಕೆಲಸಕ್ಕೆಂದು ಆಲ್ಕೋಹಾಲಿನಲ್ಲಿ ಬೇರೆಯಾಗಿ ಹೋಗುತ್ತದೆ. ಹಳೆಯ ಚರ್ಮಗಳಿಗೆ ಹಿಂದಿನವರು ಆರ್ಸೆನಿಕ್ ಸಾಬೂನು ಹಚ್ಚುತ್ತಿದ್ದರು, ಅವನ್ನು ಕೈಗವಸಿಲ್ಲದೆ ಮುಟ್ಟುವಂತಿಲ್ಲ.

ಇಷ್ಟೆಲ್ಲ ಮಾಡಿದರೂ ಚೀಟಿ ಇಲ್ಲದ ಚರ್ಮಕ್ಕೆ ಬೆಲೆ ಇಲ್ಲ. ಎಲ್ಲಿ, ಯಾವ ದಿನ, ಯಾರು, ಗಂಡೋ ಹೆಣ್ಣೋ, ಅಳತೆ ಎಷ್ಟು, ಇವಿಷ್ಟೂ ನೀರಿಗೆ ಅಳಿಸದ ಶಾಯಿಯಲ್ಲಿ ಗಟ್ಟಿ ಕಾಗದದ ಮೇಲೆ ಇರಬೇಕು. ‘ವಿಜಯಪುರ’ ಎಂದು ಬರೆದರೆ ಸಾಲದು. ಊರಿನಿಂದ ಯಾವ ದಿಕ್ಕಿಗೆ ಎಷ್ಟು ಕಿಲೋಮೀಟರ್, ಎರೆ ಹೊಲವೋ ಮಸಾರಿಯೋ, ಹಳ್ಳದ ದಂಡೆಯೋ ಗುಡ್ಡದ ಓರೆಯೋ, ಅದೂ ಬೇಕು. ನನ್ನ ಕೈಕೆಳಗೆ ಕಲಿಯಲು ಬರುವವರ ಹತ್ತಿರ ನಾನು ಹೊಲಿಗೆ ಸ್ವಲ್ಪ ಓರೆಯಾದರೆ ಸುಮ್ಮನಿರುತ್ತೇನೆ, ಚೀಟಿ ಅರ್ಧಂಬರ್ಧ ಬರೆದರೆ ಸುಮ್ಮನಿರುವುದಿಲ್ಲ.

ಹಳೆಯ ಚೀಟಿಗಳನ್ನು ಓದಿ ನಕಾಶೆಯ ಮೇಲೆ ಕೂಡಿಸುವುದು ನನ್ನ ದಿನಚರಿಯ ದೊಡ್ಡ ಪಾಲು. ನಮ್ಮ ಭಾಗದ ಚೀಟಿಗಳಿಗೆ ಚರಿತ್ರೆಯೂ ಗೊತ್ತಿರಬೇಕು. ಬೆಲ್ಗಾಂ, ಬಿಜಾಪುರ, ಧಾರವಾರ್ ಎಂಬ ಬರಹಗಳನ್ನು ಯಾರಾದರೂ ಗುರುತಿಸಬಹುದು. ಆದರೆ ‘ಕಲಾದಗಿ ಜಿಲ್ಲೆ’ ಎಂದು ಬರೆದಿದ್ದರೆ ಹೊರಗಿನವರು ತಬ್ಬಿಬ್ಬಾಗುತ್ತಾರೆ. ಬ್ರಿಟಿಷರ ಕಾಲದಲ್ಲಿ ಕಲಾದಗಿಯೇ ಜಿಲ್ಲಾ ಕೇಂದ್ರ, 1885ರಲ್ಲಿ ಅದು ಬಿಜಾಪುರಕ್ಕೆ ಹೋಯಿತು. 1997ರಲ್ಲಿ ಬಾಗಲಕೋಟೆ ಬೇರೆ ಜಿಲ್ಲೆಯಾಯಿತು. ಹಾಗಾಗಿ ಹಳೆಯ ಚೀಟಿಯ ‘ಬಿಜಾಪುರ’ ಬಾದಾಮಿಯ ಬೆಟ್ಟವೂ ಆಗಬಹುದು, ಇಂಡಿ ತಾಲೂಕಿನ ಬಯಲೂ ಆಗಬಹುದು. ಈ ಎರಡು ಕಡೆಯ ಪ್ರಾಣಿಗಳು ಬೇರೆ ಬೇರೆ. ಇದನ್ನು ಬಿಡಿಸಲು ಈ ನೆಲದಲ್ಲಿ ಹುಟ್ಟಿ ಓಡಾಡಿದವರು ಬೇಕು, ದೂರದ ಊರಿನಲ್ಲಿ ಕಂಪ್ಯೂಟರಿನ ಮುಂದೆ ಕೂತವರಿಗೆ ಕಷ್ಟ.

ನಮ್ಮ ಬಯಲಿನ ಸಸ್ತನಿಗಳ ಬಗ್ಗೆ ಮೊದಲು ಪಟ್ಟಾಗಿ ಬರೆದವನು ವಾಲ್ಟರ್ ಎಲಿಯಟ್. ಈ ಹೆಸರು ಬೆಳಗಾವಿ ಜಿಲ್ಲೆಯವರಿಗೆ ಹೊಸದಾಗಿರಲಾರದು. 1824ರ ಅಕ್ಟೋಬರಿನಲ್ಲಿ ಕಿತ್ತೂರಿನ ಕಾಳಗದಲ್ಲಿ ಧಾರವಾಡದ ಕಲೆಕ್ಟರ್ ಥ್ಯಾಕರೆ ಸತ್ತಾಗ ರಾಣಿ ಚೆನ್ನಮ್ಮನ ಕಡೆಯವರ ಕೈಗೆ ಸೆರೆಸಿಕ್ಕ ಇಬ್ಬರು ಅಧಿಕಾರಿಗಳಲ್ಲಿ ಒಬ್ಬ ಈ ಎಲಿಯಟ್, ಇನ್ನೊಬ್ಬ ಸ್ಟೀವನ್‌ಸನ್. ಸೆರೆಯಿಂದ ಬಿಡುಗಡೆಯಾದ ಮೇಲೂ ಅವನು ಈ ಸೀಮೆಯಲ್ಲೇ ಇದ್ದ. ಶಾಸನಗಳ ಪ್ರತಿ ಮಾಡಿಸಿದ, ಪ್ರಾಣಿಗಳನ್ನು ಕೂಡಿಹಾಕಿದ. 1839ರಲ್ಲಿ ‘ದಕ್ಷಿಣ ಮರಾಠಾ ಸೀಮೆ’ಯ, ಅಂದರೆ ಈಗಿನ ಧಾರವಾಡ, ಬೆಳಗಾವಿ ಸುತ್ತಿನ ಸಸ್ತನಿಗಳ ಪಟ್ಟಿಯನ್ನು ಮದರಾಸಿನ ಒಂದು ಪತ್ರಿಕೆಯಲ್ಲಿ ಅಚ್ಚುಹಾಕಿಸಿದ. ಅವನು ಕಳಿಸಿದ ಇಲಿಗಳಿಗೆ ಲಂಡನ್ನಿನಲ್ಲಿ ಗ್ರೇ ಎಂಬ ವಿಜ್ಞಾನಿ 1837ರಲ್ಲಿ ಹೆಸರಿಟ್ಟ. ಪೊದೆಗಳಲ್ಲಿರುವ ಗೊಲುಂಡ ಎಲಿಯೊಟಿ, ಹೊಲದಲ್ಲಿರುವ ಮೃದು ರೋಮದ ಮಿಲ್ಲಾರ್ಡಿಯ ಮೆಲ್ಟಾಡ ಎರಡಕ್ಕೂ ಮೂಲ ನೆಲೆ, ಅಂದರೆ ಹೆಸರಿಡಲು ಬಳಸಿದ ಮಾದರಿ ಸಿಕ್ಕ ಜಾಗ, ಧಾರವಾಡ. ಕಿತ್ತೂರಿನ ಕಥೆಯನ್ನು ಸಣ್ಣವಳಿದ್ದಾಗಿಂದ ಕೇಳಿದ್ದ ನನಗೆ ಆ ಸೆರೆಯಾಳೇ ನನ್ನ ವಿಷಯದ ಮೊದಲ ಲೇಖಕ ಎಂದು ತಿಳಿದ ದಿನ ಮೈ ಜುಮ್ಮೆಂದಿತ್ತು.

ಎಲಿಯಟ್ ಆ ಮೃದು ರೋಮದ ಇಲಿಯ ಬಗ್ಗೆ ಬರೆದದ್ದನ್ನು ನಮ್ಮ ರೈತರು ಈಗಲೂ ತಲೆದೂಗಿ ಒಪ್ಪುತ್ತಾರೆ. ಅದು ಇರುವುದು ಎರೆ ಹೊಲದ ಬಿರುಕುಗಳಲ್ಲಿ. ಮಳೆಗಾಲದಲ್ಲಿ ಬಿರುಕು ಮುಚ್ಚಿ ನೀರು ನಿಂತಾಗ ಬಹಳಷ್ಟು ಸಾಯುತ್ತವೆ. 1820ರ ದಶಕದಲ್ಲಿ ಒಂದು ವರ್ಷ ಮಳೆ ಕೈಕೊಟ್ಟಾಗ ಅವು ಸಾಯದೆ ಉಳಿದು, ಲೆಕ್ಕವಿಲ್ಲದಷ್ಟು ಮರಿಹಾಕಿ, ಬಿತ್ತಿದ ಬೀಜವನ್ನೂ ಬಿಡದೆ ತಿಂದವು, ಜೋಳದ ದಂಟು ಹತ್ತಿ ತೆನೆ ಕತ್ತರಿಸಿದವು ಎಂದು ಅವನು ದಾಖಲಿಸಿದ್ದಾನೆ. ಬರ ಬಿದ್ದ ವರ್ಷ ಇಲಿ ಹೆಚ್ಚು ಎನ್ನುವ ಊರಿನ ಅನುಭವಕ್ಕೆ ಇದಕ್ಕಿಂತ ಹಳೆಯ ಬರಹದ ಸಾಕ್ಷಿ ನನಗೆ ಸಿಕ್ಕಿಲ್ಲ.

ಎಲಿಯಟ್‌ಗಿಂತ ಮೊದಲು, 1831ರಲ್ಲಿ, ಕರ್ನಲ್ ಸೈಕ್ಸ್ ದಖ್ಖನ್ನಿನ ಸಸ್ತನಿಗಳ ಪಟ್ಟಿ ಮಾಡಿದ್ದ. ನಮ್ಮ ತೋಳಕ್ಕೂ ಚಿಂಕಾರಕ್ಕೂ ವೈಜ್ಞಾನಿಕ ಹೆಸರು ಬಂದದ್ದು ಅದರಿಂದಲೇ. ಅದೇ ಚಿಂಕಾರಕ್ಕಾಗಿ 2016ರಲ್ಲಿ ನಮ್ಮ ಬೀಳಗಿ, ಮುಧೋಳ ಭಾಗದ ಯಡಹಳ್ಳಿ ವನ್ಯಜೀವಿ ಧಾಮವಾಯಿತು. ಮುಂದೆ 1911ರಿಂದ 1923ರವರೆಗೆ ಮುಂಬೈಯ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ ಇಡೀ ದೇಶದಲ್ಲಿ ಸಸ್ತನಿ ಸಮೀಕ್ಷೆ ನಡೆಸಿತು. ಶಾರ್ಟ್‌ರಿಡ್ಜ್ ಎಂಬ ಸಂಗ್ರಾಹಕ ಧಾರವಾಡ, ಕಾರವಾರದ ಕಡೆಯೆಲ್ಲ ತಿರುಗಿದ. ನಾನು ಓದುವ ಚೀಟಿಗಳಲ್ಲಿ ಬಹಳಷ್ಟು ಆ ಸಮೀಕ್ಷೆಯವು. ಆಮೇಲಿನ ದಶಕಗಳಲ್ಲಿ ಸಹ್ಯಾದ್ರಿಯ ಕಡೆ ಹೋದವರು ಹೆಚ್ಚು, ಬಯಲುಸೀಮೆಯ ಕಡೆ ಬಂದವರು ಕಡಿಮೆ. ಕಾಡಿದ್ದಲ್ಲಿ ಮಾತ್ರ ಪ್ರಾಣಿ ಎಂಬ ಭಾವನೆ ವಿಜ್ಞಾನಿಗಳಲ್ಲೂ ಇದೆ. ನನಗೆ ಇದು ಒಪ್ಪಿಗೆಯಿಲ್ಲ.

ಸಹ್ಯಾದ್ರಿಯ ಕಡೆಯ ಒಂದು ಪ್ರಾಣಿಯನ್ನು ಮಾತ್ರ ಬಿಡುವ ಹಾಗಿಲ್ಲ. ಖಾನಾಪುರ ತಾಲೂಕಿನ ತಳೇವಾಡಿ ಹತ್ತಿರದ ಬಾರಾಪೇಡೆ ಗವಿಗಳಲ್ಲಿ ರಾಟನ್‌ನ ಬಿಡಿಬಾಲದ ಬಾವಲಿ ಇದೆ. ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನ ಓಲ್ಡ್‌ಫೀಲ್ಡ್ ಥಾಮಸ್ 1913ರಲ್ಲಿ ಅದಕ್ಕೆ ಹೆಸರಿಟ್ಟದ್ದು ಸಮೀಕ್ಷೆಗೆ ದುಡಿದ ಅರಣ್ಯಾಧಿಕಾರಿ ರಾಟನ್ ಗೌರವಕ್ಕೆ. ಹತ್ತಿರ ಹತ್ತಿರ ತೊಂಬತ್ತು ವರ್ಷ ಜಗತ್ತಿನಲ್ಲಿ ಅದು ಗೊತ್ತಿದ್ದದ್ದು ಈ ಒಂದೇ ಜಾಗದಿಂದ. ಆಮೇಲೆ ಮೇಘಾಲಯದಲ್ಲೂ ಕಾಂಬೋಡಿಯಾದಲ್ಲೂ ಸಿಕ್ಕಿತು. ಮುಖಕ್ಕಿಂತ ಮುಂದೆ ಚಾಚಿದ ದೊಡ್ಡ ಕಿವಿಗಳು, ಎರಡೂ ಹಣೆಯ ಮೇಲೆ ಕೂಡಿಕೊಂಡಿರುತ್ತವೆ. ಕಂದು ಮೈಯ ಮೇಲೆ ಕತ್ತಿನ ಹಿಂದೆ ಮಾಸಲು ಬಿಳಿ. ಗವಿಗಳು 2011ರಲ್ಲಿ ಘೋಷಣೆಯಾದ ಭೀಮಗಡ ವನ್ಯಧಾಮದಲ್ಲಿವೆ, ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಹೋಗುವಂತಿಲ್ಲ. ನಾನು ಹೋದದ್ದೂ ಅನುಮತಿ ಪಡೆದು, ಹೊರಗೆ ನಿಂತು ಅವುಗಳ ಕೂಗನ್ನು ಯಂತ್ರದಲ್ಲಿ ಹಿಡಿಯಲು. ಒಂದನ್ನೂ ಹಿಡಿಯಲಿಲ್ಲ, ಹಿಡಿಯುವ ಅಗತ್ಯವೂ ಇರಲಿಲ್ಲ. ಹೆಸರಿಡಲು ಬಳಸಿದ ಮಾದರಿ ಲಂಡನ್ನಿನಲ್ಲಿ ನೂರು ವರ್ಷದಿಂದ ಭದ್ರವಾಗಿದೆ, ಕಿವಿಯ ಮಡಿಕೆಯಿಂದ ಹಲ್ಲಿನವರೆಗೆ ಏನು ಬೇಕಾದರೂ ಅಲ್ಲಿ ನೋಡಬಹುದು. ಸರಿಯಾಗಿ ಕಾಯ್ದಿಟ್ಟ ಒಂದು ಮಾದರಿ ನೂರು ಜೀವ ಉಳಿಸುತ್ತದೆ ಎಂದು ನಾನು ಹೇಳುವುದು ಇದಕ್ಕೇ.

ಬಯಲಿಗೆ ಬಂದರೆ ನನ್ನ ಮೆಚ್ಚಿನ ಸಂಗ್ರಾಹಕ ಕಣಜ ಗೂಬೆ. ವಿಜಯಪುರದ ಸುತ್ತಲಿನ ಹಾಳುಬಿದ್ದ ಗುಮ್ಮಟಗಳಲ್ಲಿ, ಹಳ್ಳಿಗಳ ಪಾಳು ವಾಡೆಗಳಲ್ಲಿ ಅವು ವಾಸವಾಗಿರುತ್ತವೆ. ರಾತ್ರಿಯಿಡೀ ಹೊಲ ಸುತ್ತಿ ಇಲಿ ಹಿಡಿದು ಇಡಿಯಾಗಿ ನುಂಗುತ್ತವೆ, ಅರಗದ ಕೂದಲು, ಮೂಳೆಯನ್ನು ಉಂಡೆ ಮಾಡಿ ಕಕ್ಕುತ್ತವೆ. ಹೆಬ್ಬೆರಳ ಗಾತ್ರದ, ಕಪ್ಪಗೆ ಹೊಳೆಯುವ ಉಂಡೆ. ಒಣಗಿದ ಮೇಲೆ ಬೂದು ಬಣ್ಣಕ್ಕೆ ತಿರುಗುತ್ತದೆ. ಬಸವನ ಬಾಗೇವಾಡಿ ಕಡೆಯ ಒಂದು ವಾಡೆಯಲ್ಲಿ ಇವನ್ನು ಆರಿಸುತ್ತಿದ್ದಾಗ ಪಕ್ಕದ ಹೊಲದ ಹಿರಿಯರೊಬ್ಬರು ಬಂದು ನಿಂತರು.

“ಅಕ್ಕಾರ, ಗೂಗಿ ಕಕ್ಕಿದ್ದನ್ನ ತಗೊಂಡು ಏನ್ ಮಾಡ್ತೀರ್ರಿ?”

ನಾನು ಒಂದು ಉಂಡೆಯನ್ನು ಬಿಡಿಸಿ ಒಳಗಿನ ತಲೆಬುರುಡೆ ತೋರಿಸಿದೆ. ಅಂಗೈಮೇಲೆ ಇಟ್ಟುಕೊಂಡು ಬಹಳ ಹೊತ್ತು ನೋಡಿದರು.

“ಹಂಗಾದ್ರ ನಮ್ಮ ಹೊಲದಾಗ ಯಾವ್ ಯಾವ್ ಇಲಿ ಅದಾವು ಅನ್ನೂದು ಗೂಗಿಗೆ ಗೊತ್ತೈತಿ ಅನ್ರಿ.”

ಅಷ್ಟೇ ಅಲ್ಲ, ನಮಗಿಂತ ಚೆನ್ನಾಗಿ ಗೊತ್ತು. ಬೋನಿಗೆ ಬೀಳದ ಇಲಿಗಳೂ ಉಂಡೆಯಲ್ಲಿ ಸಿಗುತ್ತವೆ. ಉಂಡೆಯನ್ನು ಬೆಚ್ಚಗಿನ ನೀರಿನಲ್ಲಿ ನೆನೆಹಾಕಿ, ಚಿಮಟದಿಂದ ಕೂದಲು ಬಿಡಿಸಿ, ದವಡೆ ಮತ್ತು ಬುರುಡೆಗಳನ್ನು ಬಿಳಿ ಹಾಳೆಯ ಮೇಲೆ ಒಣಗಿಸುತ್ತೇನೆ. ಕೆನ್ನೆಯ ಕಮಾನು ಮೂಳೆ ಇಲ್ಲದೆ, ಚೂಪು ಚೂಪು ಬಿಳಿ ಹಲ್ಲಿದ್ದರೆ ಸುಂಡಿಲಿ. ಅದು ಇಲಿಯ ಬಳಗವೇ ಅಲ್ಲ, ಮನೆಗಳಲ್ಲಿ ಕಾಣುವ ಸುಂಡಿಲಿಗೆ 30 ಹಲ್ಲು. ಇಲಿಗೆ 16, ಮುಂದೆ ಮೇಲೆ ಕೆಳಗೆ ಒಂದೊಂದು ಜೊತೆ ಬಾಚಿಹಲ್ಲು, ಆಮೇಲೆ ಬರಿ ಜಾಗ, ಕೊನೆಗೆ ದವಡೆ ಹಲ್ಲು. ಮೇಲಿನ ಬಾಚಿಹಲ್ಲನ್ನು ಮಸೂರದಡಿ ಹಿಡಿದಾಗ ಉದ್ದಕ್ಕೂ ಒಂದು ಗೀರು ಕಂಡರೆ ಗೊಲುಂಡ ಇಲ್ಲವೇ ಗರ್ಬಿಲ್. ಗರ್ಬಿಲ್ಲಿನ ಕಿವಿಯ ಮೂಳೆ ಗುಳ್ಳೆಯಂತೆ ಉಬ್ಬಿರುತ್ತದೆ, ದವಡೆ ಹಲ್ಲಿನ ಮೇಲೆ ಅಡ್ಡಪಟ್ಟಿಗಳಿರುತ್ತವೆ. ಅವೆರಡೂ ಇಲ್ಲದಿದ್ದರೆ ಗೊಲುಂಡ. ಗೀರೇ ಇಲ್ಲದಿದ್ದರೆ ಗಾತ್ರ, ದವಡೆ ಹಲ್ಲಿನ ಉಬ್ಬುಗಳ ಜೋಡಣೆ ನೋಡಿ ಮುಂದುವರಿಯಬೇಕು. ರಜೆಯಲ್ಲಿ ಮನೆಗೆ ಬಂದಾಗಲೂ ಈ ಕೆಲಸ ನಡೆದಿರುತ್ತದೆ. ಅವ್ವ ನನಗಾಗಿಯೇ ಒಂದು ಪಾತೆಲಿ ಬೇರೆ ಇಟ್ಟಿದ್ದಾಳೆ. ಕನ್ನಡಕ ಹಾಕಿಕೊಂಡು ಪಕ್ಕದಲ್ಲಿ ಕೂತು ಸುಂಡಿಲಿಯ ದವಡೆಗಳನ್ನು ಬೇರೆ ಮಾಡಿಕೊಡುವಷ್ಟು ಕಲಿತಿದ್ದಾಳೆ.

ಬಾವಲಿಗಳ ವಿಷಯದಲ್ಲಿ ಬಹಳ ಎಚ್ಚರ ಬೇಕು. ಹಳೆಯ ಗುಮ್ಮಟ, ಬಾವಡಿ, ಕೋಟೆಯ ಸುರಂಗದೊಳಗೆ ಹೋಗುವ ಮೊದಲು ರೇಬೀಸ್ ಲಸಿಕೆ ಆಗಿರಬೇಕು, ಮೂಗು ಬಾಯಿ ಮುಚ್ಚುವ ಒಳ್ಳೆಯ ಮುಸುಕು, ದಪ್ಪ ಕೈಗವಸು ಇರಬೇಕು. ಹಿಕ್ಕೆಯ ದೂಳು ಶ್ವಾಸಕೋಶಕ್ಕೆ ಕೆಡುಕು. ಮರಿ ಹಾಕುವ ಕಾಲದಲ್ಲಿ ಒಳಗೆ ಹೋಗಲೇಬಾರದು, ಬೆದರಿದ ತಾಯಿಯ ಮೈಯಿಂದ ಮರಿ ಜಾರಿ ಬೀಳುತ್ತದೆ. ಸಂರಕ್ಷಿತ ಸ್ಮಾರಕಗಳಿಗೆ ಪುರಾತತ್ವ ಸರ್ವೇಕ್ಷಣ ಇಲಾಖೆಯ ಒಪ್ಪಿಗೆ ಬೇಕು. ಬಾವಲಿ ಬಂದರೆ ಕೆಡುಕು ಎಂದು ಹೊಗೆ ಹಾಕಿ ಓಡಿಸುವುದನ್ನು ಕಂಡಾಗ ನನಗೆ ಸಂಕಟವಾಗುತ್ತದೆ. ಕೀಟ ತಿನ್ನುವ ಬಾವಲಿಗಳು ರಾತ್ರಿಯಿಡೀ ಹೊಲದ ಮೇಲೆ ಹಾರುವುದು ರೈತನ ಲಾಭಕ್ಕೆ. ಹಣ್ಣು ತಿನ್ನುವ ಬಾವಲಿ, ಇಲಿಗಳನ್ನು 1972ರ ವನ್ಯಜೀವಿ ಕಾಯ್ದೆ ಉಪದ್ರವಿಗಳ ಪಟ್ಟಿಯಲ್ಲಿ ಇಟ್ಟಿತ್ತು. 2022ರ ತಿದ್ದುಪಡಿಯಲ್ಲಿ ಆ ಪಟ್ಟಿಯೇ ಹೋಯಿತು, ಅದು ಒಳ್ಳೆಯದಾಯಿತು. ಕಾಯ್ದೆಯ ಪಟ್ಟಿಯಲ್ಲಿರುವ ಯಾವ ಪ್ರಾಣಿಯನ್ನೂ, ರಸ್ತೆಯಲ್ಲಿ ಸತ್ತು ಬಿದ್ದದ್ದನ್ನೂ ಸಹ, ಅನುಮತಿಯಿಲ್ಲದೆ ಎತ್ತಿಕೊಂಡು ಬರುವಂತಿಲ್ಲ. ಮುಖ್ಯ ವನ್ಯಜೀವಿ ಪರಿಪಾಲಕರ ಕಚೇರಿಗೆ ಅರ್ಜಿ ಹಾಕಿ ಕಾಯುವುದೂ ಈ ವೃತ್ತಿಯ ಭಾಗವೇ.

ಹಳೆಯ ಬೀರುಗಳಲ್ಲಿ ಹೊಸ ಪ್ರಾಣಿ ಸಿಗುವುದೂ ಉಂಟು. ದಕ್ಷಿಣ ಅಮೆರಿಕದ ಒಲಿಂಗಿಟೊ ಎಂಬ ಪ್ರಾಣಿಗೆ 2013ರಲ್ಲಿ ಹೆಸರಿಟ್ಟರು. ಕ್ರಿಸ್ಟೊಫರ್ ಹೆಲ್ಗೆನ್ ಮತ್ತು ಜೊತೆಯವರು ಬೇರೆ ಹೆಸರಿನಡಿ ಇದ್ದ ಚರ್ಮ, ಬುರುಡೆಗಳನ್ನು ಮ್ಯೂಸಿಯಮ್ಮುಗಳಲ್ಲಿ ನೋಡಿ, ಚೀಟಿಯಲ್ಲಿದ್ದ ಜಾಗ ಹುಡುಕಿಕೊಂಡು ಹೋಗಿ ಜೀವಂತ ಪ್ರಾಣಿಯನ್ನು ಕಂಡರು. ಕಳೆದುಹೋಗುವುದೂ ಅಷ್ಟೇ ಸುಲಭ. 2016ರ ಏಪ್ರಿಲ್ 26ರಂದು ದೆಹಲಿಯ ರಾಷ್ಟ್ರೀಯ ಪ್ರಾಕೃತಿಕ ಇತಿಹಾಸ ಮ್ಯೂಸಿಯಂ ಬೆಂಕಿಗೆ ಆಹುತಿಯಾಯಿತು, 2018ರಲ್ಲಿ ಬ್ರೆಜಿಲ್ಲಿನ ರಾಷ್ಟ್ರೀಯ ಮ್ಯೂಸಿಯಂ ಸುಟ್ಟಿತು. ಅಲ್ಲಿಂದೀಚೆಗೆ ಪ್ರತಿ ಚೀಟಿಯ ಫೋಟೋ, ಪ್ರತಿ ಬುರುಡೆಯ ಚಿತ್ರ ಬೇರೆ ಊರಿನ ಕಂಪ್ಯೂಟರಿನಲ್ಲೂ ಇರಬೇಕು ಎಂದು ನಾನು ಹಟ ಹಿಡಿದಿದ್ದೇನೆ.

ಈ ಕೆಲಸಕ್ಕೆ ಬರುವ ಆಸೆಯಿರುವ ಬಿ.ಎಸ್ಸಿ. ಹುಡುಗಿಯರು ರಾತ್ರಿ ತಿರುಗಾಟಕ್ಕೆ ಮನೆಯಲ್ಲಿ ಒಪ್ಪುತ್ತಾರಾ ಎಂದು ಕೇಳುತ್ತಾರೆ. ನಾನು ಮನೆಯವರನ್ನೇ ಒಂದು ರಾತ್ರಿ ಕರೆದುಕೊಂಡು ಹೋಗಿದ್ದೆ, ಅಪ್ಪ ಬ್ಯಾಟರಿ ಹಿಡಿದು ನಿಂತಿದ್ದರು. ಕಲಿಯಲು ದೊಡ್ಡ ಸಲಕರಣೆ ಬೇಕಾಗಿಲ್ಲ. ವರ್ನಿಯರ್ ಕ್ಯಾಲಿಪರ್, ಕೈಮಸೂರ, ಚಿಮಟ, ಒಂದು ನೋಟ್‌ಬುಕ್ ಸಾಕು. ಇಂಗ್ಲಿಷ್ ಬರುವುದಿಲ್ಲ ಎಂದು ಹೆದರುವವರಿದ್ದಾರೆ, ಅದು ಓದುತ್ತ ಬರುತ್ತದೆ. ಹೊಲದ ಬದುವಿನಲ್ಲಿ ಬಿಲದ ಬಾಯಿ ನೋಡಿ ಒಳಗೆ ಯಾರಿದ್ದಾರೆಂದು ಹೇಳುವುದು ಓದಿನಿಂದ ಬರುವುದಿಲ್ಲ, ಅದು ನಿಮ್ಮಲ್ಲಿ ಆಗಲೇ ಇದೆ.

ಸದ್ಯ ಹಿನ್ನೀರಿನ ದಂಡೆಯ ಊರುಗಳಿಂದ ಉಂಡೆ ಕೂಡಿಸುತ್ತಿದ್ದೇನೆ. ಬೀಳಗಿ, ಬಾಗಲಕೋಟೆ, ನಿಡಗುಂದಿ ಕಡೆ ನಿಮ್ಮ ಮನೆಯ ಹತ್ತಿರ ಕಣಜ ಗೂಬೆ ಇದ್ದರೆ ಗೂಡಿಗೆ ಕೈ ಹಾಕಬೇಡಿ, ಮರಿಗಳ ಹತ್ತಿರ ಹೋಗಬೇಡಿ. ಕೆಳಗೆ ಬಿದ್ದ ಒಣ ಉಂಡೆಗಳನ್ನು ಕೈಗವಸು ಹಾಕಿಕೊಂಡು ಕಾಗದದ ಲಕೋಟೆಗೆ ಹಾಕಿ, ಪ್ಲಾಸ್ಟಿಕ್ ಚೀಲ ಬೇಡ, ಬೂಷ್ಟು ಹಿಡಿಯುತ್ತದೆ. ಲಕೋಟೆಯ ಮೇಲೆ ಊರು, ಜಾಗ, ದಿನಾಂಕ, ಸುತ್ತ ಯಾವ ಬೆಳೆ ಇದೆ ಎಂದು ಬರೆಯಿರಿ. ಹತ್ತಿರದ ಕಾಲೇಜಿನ ಪ್ರಾಣಿಶಾಸ್ತ್ರ ವಿಭಾಗಕ್ಕೆ ಕೊಟ್ಟರೆ ಅಲ್ಲಿನ ಹುಡುಗರು ಬಿಡಿಸುವುದನ್ನು ಕಲಿಯುತ್ತಾರೆ. ಊರಿನ ಹೆಸರು ಹಳೆಯದೋ ಪುನರ್ವಸತಿ ಕೇಂದ್ರದ್ದೋ ಎಂಬುದನ್ನು ಮಾತ್ರ ಮರೆಯದೆ ಕಾಣಿಸಿ, ಎರಡಕ್ಕೂ ಒಂದೇ ಹೆಸರಿರುವ ಕಡೆ ನಕಾಶೆಯ ಮೇಲೆ ಹಲವು ಕಿಲೋಮೀಟರ್ ವ್ಯತ್ಯಾಸ ಬರುತ್ತದೆ.